ದೊಡ್ಡಿ ಹೋಟೆಲಿನ ಇನ್ಸ್‌ಪೆಕ್ಟರು

ಇಡ್ಲಿಯನ್ನು ವರ್ನಿಯರ್ ಹಿಡಿದು ಅಳೆಯುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ. ನಾನು ಹದಿಮೂರು ವರ್ಷ ಕಂಡಿದ್ದೇನೆ. ವರ್ನಿಯರ್ ಎಂದರೆ ಗೇಣುದ್ದದ ಉಕ್ಕಿನ ಅಳತೆಪಟ್ಟಿ. ಅದಕ್ಕೆ ಎರಡು ದವಡೆಗಳಿರುತ್ತವೆ. ನಡುವೆ ಬೋಲ್ಟೋ ಬೇರಿಂಗೋ ಇಟ್ಟು ಹಿಡಿದರೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹೇಳುತ್ತದೆ. ಪೀಣ್ಯದಲ್ಲಿ ಅದಿಲ್ಲದ ಶೆಡ್ಡಿಲ್ಲ. ಆದರೆ ಹೋಟೆಲಿನ ಗಲ್ಲಾದ ಮೇಲೆ, ಸೋಂಪಿನ ತಟ್ಟೆಯ ಪಕ್ಕದಲ್ಲಿ, ಮಖಮಲ್ಲಿನ ಡಬ್ಬಿಯೊಳಗೆ ಅದನ್ನು ಇಟ್ಟುಕೊಂಡಿದ್ದವರು ಅವರೊಬ್ಬರೇ. ಕಳೆದ ತಿಂಗಳು ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. "ಹೆಸರಿದ್ದ ಕಡೆ ಸೈನ್ ಇರ್ಬೇಕು" ಎನ್ನುವುದು ಅವರ ಮಾತು. ಈಗ ಸಹಿ ಹಾಕಲು ಅವರಿಲ್ಲ. ನಮಗೆಲ್ಲ ಅವರು ಇನ್ಸ್‌ಪೆಕ್ಟ್ರು. ಹೊಸದಾಗಿ ಬಂದ ಗಿರಾಕಿಗಳು ಪೊಲೀಸ್ ಇಲಾಖೆಯವರೆಂದುಕೊಂಡು ಎದ್ದು ನಿಲ್ಲುತ್ತಿದ್ದರು. ಅವರು ಕಾರ್ಖಾನೆಯೊಂದರಲ್ಲಿ ಇಪ್ಪತ್ತೇಳು ವರ್ಷ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದವರು. ತಯಾರಾದ ಮಾಲನ್ನು ಅಳೆಯುವುದು, ಸರಿಯಿದ್ದರೆ ಹಸಿರು ಚೀಟಿ ಕಟ್ಟುವುದು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿಯುವುದು, ಇದೇ ಕೆಲಸ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಹೋಟೆಲು ತೆರೆದರು. ಕೆಲಸ ಮಾತ್ರ ಬದಲಾಗಲಿಲ್ಲ.

ನಾನು ದಾವಣಗೆರೆಯವನು. ಬಾಗಲಗುಂಟೆಯಲ್ಲಿ ಮನೆ, ಪೀಣ್ಯದ ಒಂದು ಗೇರ್ ಶೆಡ್ಡಿನಲ್ಲಿ ಡ್ರಾಯಿಂಗ್ ಹಾಕುವ ಕೆಲಸ. ದೋಸೆಯ ವಿಷಯಕ್ಕೆ ಬಂದರೆ ನಮ್ಮೂರಿನವರಿಗೆ ಸ್ವಲ್ಪ ಜಂಬ ಜಾಸ್ತಿ. ಮೊದಲ ಸಲ ಅಲ್ಲಿ ತಿಂಡಿಗೆ ಕೂತ ದಿನವೇ "ಏನ್ರೀ ಇದು, ದೋಸೆ ಇಷ್ಟ ಸಣ್ಣದು?" ಎಂದುಬಿಟ್ಟೆ. ಬೇರೆ ಹೋಟೆಲಾಗಿದ್ದರೆ ಬೈಯುತ್ತಿದ್ದರು, ಇಲ್ಲವೇ ನಗುತ್ತಿದ್ದರು. ಅವರು ವರ್ನಿಯರ್ ಪಕ್ಕಕ್ಕಿಟ್ಟು ಉದ್ದನೆಯ ಸ್ಟೀಲ್ ಸ್ಕೇಲ್ ತಂದರು. ದೋಸೆಯನ್ನು ಅಡ್ಡಡ್ಡ ಒಂದು ಸಲ, ಉದ್ದುದ್ದ ಒಂದು ಸಲ ಅಳೆದರು. ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ಒಂದು ಡ್ರಾಯಿಂಗನ್ನು ನೋಡಿದರು. ಅದರಲ್ಲಿ 'ನಂಬರ್ ಏಳು, ಸಾದಾ ದೋಸೆ' ಎಂದು ಬರೆದು ವೃತ್ತ ಎಳೆದು ಅಳತೆ ಹಾಕಿತ್ತು.

"ಮೂರು ಮಿಲ್ಲಿಮೀಟ್ರು ಕಮ್ಮಿ ಅದೆ. ನೀವೇಳಿದ್ದು ಸರಿ" ಎಂದವರೇ ಅಡುಗೆಮನೆಯ ಕಡೆ ತಿರುಗಿ, "ಭೈರಣ್ಣಾ, ನಂಬರ್ ಏಳು ಅಂಡರ್‌ಸೈಜು!" ಎಂದು ಕೂಗಿದರು.

ಬೇರೆ ದೋಸೆ ಬಂತು. ನನ್ನ ಕೆಲಸ ಏನೆಂದು ವಿಚಾರಿಸಿದರು. ಡ್ರಾಯಿಂಗ್ ಎಂದೆ. ಅಂದಿನಿಂದ ನಾನು ಅವರಿಗೆ 'ಡ್ರಾಯಿಂಗ್ ಸಾರ್' ಆದೆ, ಪಲ್ಯದ ಬಟ್ಟಲಿನಿಂದ ಹಿಡಿದು ಎಲೆಯಡಿಕೆ ತಟ್ಟೆಯವರೆಗೆ ಎಲ್ಲದರ ಡ್ರಾಯಿಂಗೂ ನನ್ನ ತಲೆಗೆ ಬಂತು.

ಅಳತೆಗೆ ಬಾರದ ಇಡ್ಲಿಯ ಗತಿ ಏನು ಎನ್ನುವುದು ಹೋಟೆಲಿನ ಮೊದಮೊದಲ ದೊಡ್ಡ ಸಮಸ್ಯೆ. ಇಡ್ಲಿಗೆಂದೇ ಮಾಡಿಸಿದ ಎರಡು ಉಕ್ಕಿನ ಬಳೆಗಳಿದ್ದವು. ಇಡ್ಲಿ ದೊಡ್ಡ ಬಳೆಯೊಳಗೆ ತೂರಬೇಕು, ಸಣ್ಣ ಬಳೆಯೊಳಗೆ ತೂರಬಾರದು. ಎರಡರಲ್ಲೂ ತೂರಿದರೆ ಸಣ್ಣದು, ಎರಡರಲ್ಲೂ ತೂರದಿದ್ದರೆ ದೊಡ್ಡದು, ಎರಡೂ ರಿಜೆಕ್ಟು. ಕಾರ್ಖಾನೆಯಲ್ಲಿ ರಿಜೆಕ್ಟಿಗೆ ಕೆಂಪು ಬಣ್ಣ ಬಳಿಯುವ ಹಾಗೆ ಇಲ್ಲಿ ಅಂಥ ಇಡ್ಲಿಯ ನೆತ್ತಿಗೆ ಒಂದು ಚಮಚ ಕೆಂಪು ಚಟ್ನಿ ಬಳಿದು ಬೇರೆ ಪಾತ್ರೆಗೆ ಹಾಕುತ್ತಿದ್ದರು. ಎಸೆಯಲು ಮನಸ್ಸಾಗದೆ ಕೇಳಿದವರಿಗೆ ಕೊಟ್ಟರು. ಕೆಟ್ಟಿದ್ದು ಅಲ್ಲಿಯೇ. ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಹಾಕಿ ಭೈರಣ್ಣ ಅರೆದ ಚಟ್ನಿ ಅದು. ವಾರ ಕಳೆಯುವುದರೊಳಗೆ ಲೇತಿನವರು, ಪ್ಲೇಟಿಂಗಿನವರು, ಪೌಡರ್ ಕೋಟಿಂಗಿನವರು ಎಲ್ಲ ಬಂದು "ಅಣ್ಣಾ, ಎರಡು ಪ್ಲೇಟ್ ರಿಜೆಕ್ಟು" ಎಂದು ಕೂಗತೊಡಗಿದರು. ಸರಿಯಾದ ಇಡ್ಲಿಯನ್ನು ಕೇಳುವವರೇ ಇಲ್ಲ. ಕೇಳಿದವರಿಗೆ ಇಲ್ಲ ಎನ್ನಲಾರದೆ ಭೈರಣ್ಣ ಬೇಕೆಂದೇ ಹಿಟ್ಟು ಹೆಚ್ಚು ಸುರಿಯತೊಡಗಿದ. ಇನ್ಸ್‌ಪೆಕ್ಟರು ಎರಡೇ ದಿನದಲ್ಲಿ ಹಿಡಿದರು.

"ಬೇಕೂಂತ ರಿಜೆಕ್ಟ್ ಮಾಡ್ತಿಯಲ್ಲೋ! ಇಪ್ಪತ್ತೇಳು ವರ್ಷದಲ್ಲಿ ಇಂತಾದ್ದು ನೋಡಿಲ್ಲ ನಾನು."

"ಜನ ಕೇಳ್ತಾವ್ರೆ ಸಾರ್."

"ಕೇಳ್ತಾರೆ ಅಂತ ತಪ್ಪು ಮಾಲು ಕೊಡಕ್ಕಾಯ್ತದ?"

"ತಿನ್ನೋರಿಗೆ ಅದೇ ಸರಿ ಮಾಲು ಸಾರ್."

ಮೂರು ದಿನ ಯೋಚನೆ ಮಾಡಿ ಅವರು ಹೊಸ ಡ್ರಾಯಿಂಗ್ ಹಾಕಿಸಿದರು. 'ನಂಬರ್ ಹದಿನಾಲ್ಕು, ದೊಡ್ಡ ಇಡ್ಲಿ, ಕೆಂಪು ಚಟ್ನಿ ಸಹಿತ.' ಅದಕ್ಕೆ ಬೇರೆಯೇ ಎರಡು ಬಳೆ ಬಂದವು. ಆಮೇಲೆ ಹದಿನಾಲ್ಕರಲ್ಲೂ ರಿಜೆಕ್ಟು ಬರತೊಡಗಿತು. ಅದಕ್ಕೆ ಯಾವ ಬಣ್ಣ ಬಳಿಯುವುದೆಂದು ನನ್ನನ್ನು ಕೇಳಿದರು. ನಾನು ಕೈ ತೊಳೆಯುವ ನೆಪದಲ್ಲಿ ಎದ್ದುಹೋದೆ.

ಇನ್ನು ಆ ಕಟ್ಟಡ. ಹೆದ್ದಾರಿಯಿಂದ ಒಳಗೆ ತಿರುಗುವ ಅಡ್ಡರಸ್ತೆಯಲ್ಲಿ, ಶೀಟು ಹೊದಿಸಿದ ಶೆಡ್ಡುಗಳ ಸಾಲಿನ ನಡುವೆ, ಅದೊಂದೇ ಕಲ್ಲಿನದು. ಮೊಳದಗಲದ ಗೋಡೆ, ದೊಡ್ಡ ಕಮಾನಿನ ಬಾಗಿಲು, ಒಳಗೆ ಅಂಗಳ, ಅಂಗಳದ ಮೂರು ಕಡೆ ಕಲ್ಲುಕಂಬದ ಪಡಸಾಲೆ. ಪೀಣ್ಯ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದ ಸರ್ಕಾರಿ ಕಟ್ಟಡ. ಇನ್ಸ್‌ಪೆಕ್ಟರು ಮಾಗಡಿ ಕಡೆಯಿಂದ ಕೆಲಸಕ್ಕೆ ಬಂದು ಈ ಊರಿನ ಅಳಿಯನಾದವರು. ಅವರ ಮಾವ ಹುಲ್ಲು ತುಂಬುವುದಕ್ಕೆಂದು ಅದನ್ನು ಪಂಚಾಯ್ತಿಯಿಂದ ಗುತ್ತಿಗೆಗೆ ಹಿಡಿದಿದ್ದರಂತೆ. ಮಾವನಿಂದ ಅಳಿಯನಿಗೆ ಕಟ್ಟಡ ಬಂತು, ಜೊತೆಗೆ ಒಂದು ಕತೆಯೂ ಬಂತು: ಮಹಾರಾಜರು ಬೇಟೆಗೆ ಬಂದಾಗ ಇಲ್ಲಿ ತಂಗುತ್ತಿದ್ದರು. ಯಾವ ಮಹಾರಾಜರು, ಪೀಣ್ಯದಲ್ಲಿ ಎಂಥ ಬೇಟೆ ಎಂದು ಯಾರೂ ಕೇಳಿರಲಿಲ್ಲ. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಕೇಳುವುದಿರಲಿ, ಕತೆಗೆ ಕೈಲಾದಷ್ಟು ಸೇರಿಸಿದೆವು. ಗೋಡೆಯುದ್ದಕ್ಕೂ ಬಡಿದಿದ್ದ ಕಬ್ಬಿಣದ ಕೊಂಡಿಗಳು ದೀವಟಿಗೆ ಸಿಕ್ಕಿಸಲು ಎಂದಾಯಿತು. ಬಾಗಿಲ ಪಕ್ಕದ ಉದ್ದನೆಯ ಕಲ್ಲುತೊಟ್ಟಿ ಮಹಾರಾಣಿಯ ಸ್ನಾನಕ್ಕೆ ಎಂದಾಯಿತು. ಊಟವಾದ ಮೇಲೆ ನಾವೆಲ್ಲ ಆ ತೊಟ್ಟಿಯ ಬಳಿ ನಿಂತು ಸ್ವಲ್ಪ ಮರ್ಯಾದೆಯಿಂದಲೇ ಕೈ ತೊಳೆಯುತ್ತಿದ್ದೆವು. ಬೋರ್ಡಿನ ಮೇಲೆ 'ಮಹಾರಾಜರ ಬಂಗಲೆ, ಊಟ ತಿಂಡಿ' ಎಂದು ಬರೆಸಿದ್ದರು.

ಆ ಬಂಗಲೆಯ ನೆಲ ಇಳಿಜಾರು. ಪಡಸಾಲೆಯ ಗೋಡೆಯಿಂದ ಅಂಗಳದ ಚರಂಡಿಯವರೆಗೆ ಸಾಂಬಾರಿನ ಬಟ್ಟಲು ತಾನಾಗಿಯೇ ಜಾರಿಕೊಂಡು ಹೋಗುವಷ್ಟು ಇಳಿಜಾರು. ಬೇರೆಯವರಾಗಿದ್ದರೆ ನೆಲಕ್ಕೆ ಸಿಮೆಂಟು ಹಾಕಿಸುತ್ತಿದ್ದರು. ಹಳೆಯ ಕಟ್ಟಡದ ನೆಲ ಮುಟ್ಟಬಾರದೆಂದು ಅವರು ಹದಿನೆಂಟು ಟೇಬಲ್ಲುಗಳ ಎಪ್ಪತ್ತೆರಡು ಕಾಲುಗಳನ್ನೂ ಆಯಾ ಜಾಗದ ಇಳಿಜಾರು ನೋಡಿ ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ಮಾಡಿಸಿದರು. ಪ್ರತಿ ಟೇಬಲ್ಲಿಗೂ, ಪ್ರತಿ ಕಾಲಿಗೂ ನಂಬರು ಹೊಡೆಸಿದ್ದರು. ಟೇಬಲ್ಲನ್ನು ಗೇಣುದೂರ ಸರಿಸಿದರೂ ಕುಂಟುತ್ತಿತ್ತು. ಒಂದು ಸಲ ವೈಟ್‌ಫೀಲ್ಡ್ ಕಡೆಯ ಸಾಫ್ಟ್‌ವೇರಿನವರು ಇಪ್ಪತ್ತು ಜನ ಬಂದು ಎರಡು ಟೇಬಲ್ ಜೋಡಿಸಿಕೊಳ್ಳುತ್ತೇವೆ ಎಂದಾಗ ಅವರು ಗಾಬರಿಯಾಗಿ ಎರಡೂ ಕೈ ಅಡ್ಡ ಹಿಡಿದು ನಿಂತದ್ದನ್ನು ನಾನು ನೋಡಿದ್ದೇನೆ.

"ಜೋಡಿಸ್ಬ್ಯಾಡಿ ಸಾರ್! ಆರು ಅಲ್ಲೇ ಇರ್ಬೇಕು, ಒಂಬತ್ತು ಇಲ್ಲೇ ಇರ್ಬೇಕು. ನೀವು ಸರ್ಕಂಡು ಕೂತ್ಕಳಿ."

ಇಷ್ಟೆಲ್ಲ ಓದಿ ಅವರೊಬ್ಬ ತಮಾಷೆಯ ಮನುಷ್ಯ ಎಂದುಕೊಂಡರೆ ಅದು ನನ್ನ ತಪ್ಪು. ಭೈರಣ್ಣನ ವಿಷಯ ಹೇಳಲೇಬೇಕು.

ಭೈರಣ್ಣ ಅದೇ ಕಾರ್ಖಾನೆಯಲ್ಲಿ ಪ್ರೆಸ್ ಓಡಿಸುತ್ತಿದ್ದವನು. ತಗಡು ಇಟ್ಟು ಪೆಡಲ್ ಒತ್ತಿದರೆ ಮೇಲಿನಿಂದ ಟನ್ನುಗಟ್ಟಲೆ ಭಾರ ಇಳಿದು ಬರುವ ಯಂತ್ರ. ಒಮ್ಮೆ ಇನ್ಸ್‌ಪೆಕ್ಟರು ಆ ಪ್ರೆಸ್ಸನ್ನು ಪರೀಕ್ಷೆ ಮಾಡಿ, ಬ್ರೇಕ್ ಜಾರುತ್ತಿದೆ, ನಿಲ್ಲಿಸಬೇಕು ಎಂದು ರಿಪೋರ್ಟು ಬರೆದರು. ಮಾಲು ಕಳಿಸುವ ಅವಸರ. ಮೇಲಿನವರು ಆ ಕಾಗದವನ್ನು ಡ್ರಾಯರಿನೊಳಗೆ ಹಾಕಿ, 'ಸರಿ ಇದೆ ಅಂತ ಇನ್ನೊಂದು ಬರ್ಕೊಡಿ, ಸೋಮವಾರ ರಿಪೇರಿ ಮಾಡಿಸೋಣ' ಎಂದರು. ಇವರು ಬರೆದುಕೊಟ್ಟು ಸಹಿ ಹಾಕಿದರು. ಸೋಮವಾರ ಬರುವುದರೊಳಗೆ ಭೈರಣ್ಣನ ಬಲಗೈಯ ಎರಡು ಬೆರಳು ಹೋದವು. ಇದು ಗುಟ್ಟೇನಲ್ಲ. ಅವರೇ ಎಲ್ಲರಿಗೂ ಹೇಳುತ್ತಿದ್ದರು, ದೋಸೆಯ ಅಳತೆ ಹೇಳುವ ಧ್ವನಿಯಲ್ಲೇ: "ಆ ಸೈನ್ ನಂದು." ಭೈರಣ್ಣನ ಅಪ್ಪ ಮದುವೆಮನೆ ಅಡುಗೆಯವರು. ಆ ಕೈಗುಣ ಇವನಿಗೂ ಇತ್ತು. ಹೋಟೆಲು ತೆರೆದದ್ದೇ ಅವನಿಗೊಂದು ಒಲೆ ಕೊಡುವುದಕ್ಕೆ ಎಂದು ನನ್ನ ಅನಿಸಿಕೆ. ಆ ಬೆರಳು ಹೋದ ದಿನದಿಂದ ಅವರು ತಾವು ಅಳೆಯದ ಯಾವುದಕ್ಕೂ, ಅಳತೆಗೆ ಒಪ್ಪದ ಯಾವುದಕ್ಕೂ ಸಹಿ ಹಾಕಲಿಲ್ಲ. ಕೊರಿಯರಿನವನು ತಂದ ಕವರಿಗೆ ಸಹಿ ಬೇಕಾದರೂ ಒಳಗೇನಿದೆ ನೋಡದೆ ಹಾಕುವುದಿಲ್ಲ ಎಂದು ಹಟ ಹಿಡಿದು ಅವನನ್ನು ಅರ್ಧ ಗಂಟೆ ಕೂರಿಸುತ್ತಿದ್ದರು.

ಹೆದ್ದಾರಿಯ ಮೇಲೆ ಮೆಟ್ರೋ ಕಂಬಗಳು ಎದ್ದ ಕಾಲಕ್ಕೆ ಅಡ್ಡರಸ್ತೆಗಳನ್ನು ಅಗಲ ಮಾಡುವ ಮಾತು ಬಂತು. ಒಂದು ಬೆಳಿಗ್ಗೆ ಸರ್ವೆಯವರು ಬಂದು ಬಂಗಲೆಯ ಪಕ್ಕದ ಗೋಡೆಗೆ ಮೇಲಿನಿಂದ ಕೆಳಗೆ ಕೆಂಪು ಬಣ್ಣದ ಗೆರೆ ಎಳೆದರು. ಗೆರೆಯಿಂದ ರಸ್ತೆಯ ಕಡೆಗಿನದೆಲ್ಲ ಹೋಗಬೇಕು. ಅಂದರೆ ಕಮಾನು, ಅಡುಗೆಮನೆ, ಅರ್ಧ ಪಡಸಾಲೆ. ಇನ್ಸ್‌ಪೆಕ್ಟರು ಬಂದು ನೋಡಿ ಬಿಳಿಚಿಕೊಂಡರು.

"ನನ್ ಬಿಲ್ಡಿಂಗಿಗೆ ರಿಜೆಕ್ಟ್ ಬಣ್ಣ ಬಳ್ದಿದೀರಲ್ರೀ! ಯಾವ ಡೈಮೆನ್ಶನ್ ತಪ್ಪದೆ ಏಳಿ."

"ಡೈಮೆನ್ಶನ್ ಏನಿಲ್ಲ ಸಾರ್. ರಸ್ತೆ ಸಾಲ್ತಿಲ್ಲ" ಎಂದ ಸರ್ವೆಯವನು.

"ಅಂದ್ರೆ ರಸ್ತೆ ಅಂಡರ್‌ಸೈಜು. ರಸ್ತೆಗೆ ಬಳೀರಿ ಕೆಂಪು!"

ಅವನು ನನ್ನ ಮುಖ ನೋಡಿದ. ನಾನು ರಸ್ತೆಯ ಮುಖ ನೋಡಿದೆ.

ಹಳೆಯ ಕಟ್ಟಡಗಳ ಪಟ್ಟಿ ಮಾಡುವ ಒಂದು ಸಮಿತಿಯಿದೆ, ಅದರಲ್ಲಿ ಸೇರಿಬಿಟ್ಟರೆ ರಸ್ತೆಯವರು ಮುಟ್ಟುವ ಹಾಗಿಲ್ಲ ಎಂದು ಯಾರೋ ಹೇಳಿದರು. ಸಹಿ ಅಳತೆಯಾದ ಮೇಲೆ ಎಂದು ಇನ್ಸ್‌ಪೆಕ್ಟರು ಸಹಿಯಿಲ್ಲದ ಅರ್ಜಿ ಹಾಕಿದರು. ಅರ್ಜಿಯ ಹಿಂದೆಯೇ ಕಟ್ಟಡದ ಅಳತೆ ಸಹಿತ ಡ್ರಾಯಿಂಗ್ ಹೋಗಲಿ ಎಂದು ನನ್ನನ್ನು ಹಿಡಿದರು. ಮೂರು ಭಾನುವಾರ ಟೇಪಿನ ಒಂದು ತುದಿಯನ್ನು ನಾನು, ಇನ್ನೊಂದು ತುದಿಯನ್ನು ಅವರು ಹಿಡಿದು ಆ ಬಂಗಲೆಯ ಮೂಲೆಮೂಲೆ ಅಳೆದೆವು. ಮೊದಲ ಭಾನುವಾರ ಅವರು ಮಹಾರಾಜರ ಕತೆ ಹೇಳುತ್ತ ಅಳೆದರು. ಎರಡನೆಯ ಭಾನುವಾರ ಕತೆ ನಿಂತಿತು. ಮೂರನೆಯ ಭಾನುವಾರ ಅಂಗಳದ ಮಧ್ಯೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು.

"ಡ್ರಾಯಿಂಗ್ ಸಾರ್, ದೀವಟಿಗೆ ಕೊಂಡಿ ನೆಲದಿಂದ ಎಷ್ಟೆತ್ತರ ಅದೆ?"

"ಎರಡಡಿ."

"ಎರಡಡಿ ಎತ್ತರದಲ್ಲಿ ದೀವಟಿಗೆ ಇಟ್ರೆ ಮಹಾರಾಜರ ಪಂಚೆಗೆ ಬೆಂಕಿ ಅತ್ಕಳಲ್ವ? ಆಮೇಲೆ ಬಾಗ್ಲು ನೋಡಿ. ಅಗುಳಿ ಎಲ್ಲದೆ?"

ನೋಡಿದೆ. ಅಷ್ಟು ವರ್ಷ ಆ ಬಾಗಿಲಲ್ಲಿ ಓಡಾಡಿದ್ದರೂ ನಾನದನ್ನು ಗಮನಿಸಿರಲಿಲ್ಲ. ಅಗುಳಿ ಹೊರಗಡೆ ಇತ್ತು.

"ಮಹಾರಾಜರನ್ನ ಒಳಿಕ್ಕಾಕಿ ಆಚೆಯಿಂದ ಅಗುಳಿ ಆಕ್ತಿದ್ರ?" ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಹೋಟೆಲಿನ ಮುಂದೆ ಸೊಪ್ಪು ಮಾರುವ ಒಬ್ಬ ಅಜ್ಜಿ ಇದ್ದಳು, ಊರಿನ ಹಳೆಯ ತಲೆ. ಇನ್ಸ್‌ಪೆಕ್ಟರು ನೇರ ಅವಳ ಹತ್ತಿರ ಹೋಗಿ ಕೇಳಿದರು. ಅವಳು ಮೆಂತ್ಯದ ಕಟ್ಟಿಗೆ ನೀರು ಚಿಮುಕಿಸುತ್ತ ಹೇಳಿದಳು:

"ದನದ ದೊಡ್ಡಿ ಕಣಪ್ಪ ಅದು. ಬ್ಯಾರೆಯೋರ ಹೊಲಕ್ಕೆ ಬಾಯಾಕಿದ ದನಾನ ಇಡ್ಕಂಬಂದು ಕೂಡಾಕೋರು. ನಮ್ಮೆಮ್ಮೆ ಎಲ್ಡು ಕಿತ ಒಳಿಕ್ಕೋಗಿತ್ತು. ನಮ್ಮಪ್ಪ ದಂಡ ಕಟ್ಟಿ ಬಿಡಿಸ್ಕಂಬಂದ."

"ಇಷ್ಟು ವರ್ಷ ಯಾಕಜ್ಜಿ ಏಳ್ಲಿಲ್ಲ?"

"ನಿಮ್ಮಾವ ಏಳ್ಬ್ಯಾಡಿ ಅಂದಿದ್ದ. ನಮ್ಮೂರಿಗೆ ಮಾರಾಜ್ರು ಬಂದಿದ್ರು ಅಂದ್ರೆ ಊರಿಗೂ ಒಂದು ಗೌರವ ಅಲ್ವೇನಪ್ಪ?"

ಊರಿಗೆ ಊರೇ ಗೊತ್ತಿದ್ದೂ ಸುಮ್ಮನಿತ್ತು. ನಾವು ಪರಸ್ಥಳದವರು ಎಮ್ಮೆ ನೀರು ಕುಡಿಯುವ ತೊಟ್ಟಿಗೆ ಮಹಾರಾಣಿಯ ಹೆಸರಿಟ್ಟು ಕೈ ತೊಳೆಯುತ್ತಿದ್ದೆವು. ದನದ ಗಂಜಲ ಹರಿದುಹೋಗಲಿ ಎಂದು ಮಾಡಿದ ಇಳಿಜಾರಿಗೆ ಎಪ್ಪತ್ತೆರಡು ಕಾಲು ಕತ್ತರಿಸಿದ ಮನುಷ್ಯ ಆ ಸಂಜೆ ಹೊರಗೆ ಹೋಗಿ ಬೋರ್ಡು ನೋಡುತ್ತ ನಿಂತುಬಿಟ್ಟರು.

ಅದರ ಮುಂದಿನ ವಾರವೇ ಸಮಿತಿಯವರು ಬಂದರು. ಮೂರು ಜನ, ಹಿರಿಯರಾದ ಒಬ್ಬ ಮೇಡಂ ಮುಂದಾಳು. ಕಮಾನು ನೋಡಿ ಸಂತೋಷಪಟ್ಟರು, ಕಂಬ ತಟ್ಟಿ ನೋಡಿದರು, ನಂಬರ್ ಹದಿನಾಲ್ಕನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಕೈ ತೊಳೆದು ಬಂದು ಮೇಡಂ ಒಂದು ಫಾರಂ ತೆಗೆದರು.

"ಕಟ್ಟಡ ತುಂಬಾ ಚೆನ್ನಾಗಿದೆ ಸಾರ್. ರಾಜರ ತಂಗುದಾಣ ಅಂತ ನಿಮ್ಮ ಅರ್ಜೀಲಿ ಇದೆ. ಇಲ್ಲಿ 'ಮೂಲ ಉದ್ದೇಶ' ಅನ್ನೋ ಜಾಗದಲ್ಲಿ ಅದನ್ನೇ ಬರೆದು ಸೈನ್ ಮಾಡಿಕೊಡಿ. ಇಷ್ಟು ಹಳೇದಕ್ಕೆ ದಾಖಲೆ ಎಲ್ಲಿಂದ ಬರುತ್ತೆ? ಕಟ್ಟಡ ಇಟ್ಕೊಂಡಿರೋರ ಹೇಳಿಕೆ ಸಾಕು. ಪಟ್ಟಿಗೆ ಸೇರಿದ್ರೆ ಯಾರೂ ಒಂದು ಕಲ್ಲು ಅಲ್ಲಾಡ್ಸೋಕೆ ಆಗಲ್ಲ."

"ಬೇರೆ ಏನಾದ್ರೂ ಆಗಿದ್ರೆ ಮೇಡಂ?"

"ಬೇರೆ ಅಂದ್ರೆ?"

"ಮಾಮೂಲಿ ಕಟ್ಟಡ."

"ಮಾಮೂಲಿಯಾದ್ರೆ ನಮ್ಮ ಪಟ್ಟಿಗೆ ಬರಲ್ಲ ಸಾರ್" ಎಂದು ಮೇಡಂ ನಕ್ಕರು.

ಸೋಮವಾರ ಕೊಡುತ್ತೇನೆಂದು ಅವರು ಫಾರಂ ಇಟ್ಟುಕೊಂಡರು. ಸಮಿತಿಯವರು ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಭೈರಣ್ಣ ಹೊರಗೆ ಬಂದ. ನಾನೂ ಅಲ್ಲೇ ಇದ್ದೆ.

"ಸೈನ್ ಮಾಡಿ ಸಾರ್" ಎಂದ.

"ದೊಡ್ಡಿ ಕಣೋ ಇದು."

"ಗೊತ್ತು. ಮಾಡಿ."

ಅವರು ಫಾರಮ್ಮನ್ನು ತಿರುಗಿಸಿ ತಿರುಗಿಸಿ ನೋಡಿದರು. ಭೈರಣ್ಣನ ಧ್ವನಿ ಎಂದೂ ಏರಿದ್ದನ್ನು ನಾನು ಕೇಳಿರಲಿಲ್ಲ. ಅಂದು ಏರಿತು.

"ಅವತ್ತು ಸುಳ್ಳಿಗೆ ಸೈನ್ ಆಕಿ ನನ್ ಬೆಳ್ಳು ತಗುದ್ರಿ. ಇವತ್ತು ನಿಜಕ್ಕೆ ಸೈನ್ ಆಕಿ ನನ್ ಒಲೆ ತಗೀತೀರಾ?"

ಅವರು ಗಲ್ಲಾದ ಮೇಲೆ ಕೈಯೂರಿ ಹಾಗೇ ನಿಂತರು. ನನಗೂ ಅವರ ಮೇಲೆ ಸಿಟ್ಟು ಬಂದಿತ್ತು. ಸುಳ್ಳು ಹೇಳಲೇಬೇಕು ಎಂದು ಒಬ್ಬರಿಗೆ ಬುದ್ಧಿ ಹೇಳಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಸತ್ತುಹೋದ ಮಹಾರಾಜರಿಗೆ ಇದರಿಂದೇನು ನಷ್ಟ, ಹನ್ನೆರಡು ಜನರ ಕೆಲಸ ಉಳಿಯುತ್ತದೆ, ಒಂದು ಸಾಲು ಬರೆಯಿರಿ ಎಂದೆ. ನನ್ನ ಮಾತು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎನ್ನಲಾರೆ. ಅವರು ಕೇಳಿಸಿಕೊಂಡರು, ತಲೆಯಾಡಿಸಿದರು. ಶನಿವಾರ, ಭಾನುವಾರ ಒಬ್ಬರೇ ಟೇಪು ಹಿಡಿದು ಇಡೀ ಕಟ್ಟಡವನ್ನು ಮತ್ತೆ ಅಳೆದರಂತೆ. ಎಲ್ಲಾದರೂ ಒಂದು ಕಡೆ ಅಳತೆ ತಪ್ಪಿರಲಿ, ಮಹಾರಾಜರು ನಿಜವಾಗಿ ಬಂದಿದ್ದಿರಲಿ ಎಂಬ ಆಸೆ ಇದ್ದಿರಬೇಕು.

ಸೋಮವಾರ ಬೆಳಿಗ್ಗೆ ನಾನು ತಿಂಡಿಗೆ ಹೋದಾಗ ಒಲೆ ಹಚ್ಚಿರಲಿಲ್ಲ. ಭೈರಣ್ಣ ಅಂಗಳದಲ್ಲಿ ಕೂತಿದ್ದ. ಇನ್ಸ್‌ಪೆಕ್ಟರು ಫಾರಂ ತುಂಬಿ ಮುಗಿಸಿದ್ದರು. ಮೂಲ ಉದ್ದೇಶ ಎಂಬಲ್ಲಿ 'ದನದ ದೊಡ್ಡಿ' ಎಂದು ಮುದ್ದಾದ ಅಕ್ಷರದಲ್ಲಿ ಬರೆದು, ಕೊಂಡಿಯ ಎತ್ತರ, ಅಗುಳಿಯ ಜಾಗ, ನೆಲದ ಇಳಿಜಾರು ಎಲ್ಲವನ್ನೂ ಕೆಳಗೆ ಪಟ್ಟಿ ಮಾಡಿ ಸಹಿ ಹಾಕಿದ್ದರು. ಅದನ್ನು ಕವರಿಗೆ ಹಾಕಿ, ಅಂಟಿಸದೆ, ಭೈರಣ್ಣನ ಕೈಗೆ ಕೊಟ್ಟರು.

"ನನ್ ಕೈಲಿ ಬರಿಯೋದಷ್ಟೇ ಆಗ್ತದೆ ಭೈರಣ್ಣ. ತಗಂಡೋಗಿ ಕೊಡೋದು, ಬಿಡೋದು ನಿಂಗೆ ಬಿಟ್ಟಿದ್ದು. ಹರಿದಾಕುದ್ರೂ ನಾನು ಕೇಳಲ್ಲ."

ಭೈರಣ್ಣ ಕವರ್ ತೆಗೆದುಕೊಂಡು ಹೊರಟುಹೋದ. ಅಂದು ಹೋಟೆಲಿನಲ್ಲಿ ಬಾಳೆಹಣ್ಣು, ಬನ್ನು ಬಿಟ್ಟರೆ ಏನೂ ಇರಲಿಲ್ಲ. ಇನ್ಸ್‌ಪೆಕ್ಟರು ಗಿರಾಕಿಗಳಿಗೆ ಅದನ್ನೇ ಕೊಟ್ಟರು, ಅಳೆಯದೆ. ಮಧ್ಯಾಹ್ನ ಮೂರಕ್ಕೆ ಭೈರಣ್ಣ ಬಂದ. "ಕೊಟ್ಟೆ" ಎಂದ. ಸೀದಾ ಒಳಗೆ ಹೋಗಿ ಒಲೆ ಹಚ್ಚಿದ.

ನಮ್ಮ ನಿರೀಕ್ಷೆಯಂತೆ ಸಮಿತಿಯವರು ಕೈಬಿಟ್ಟು, ಫಾರಮ್ಮನ್ನು ರಸ್ತೆಯ ಇಲಾಖೆಗೆ ಕಳಿಸಿದರು. ಗೋಡೆ ಒಡೆಯುವ ಯಂತ್ರ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದೆವು. ಯಂತ್ರದ ಬದಲು ಎಂಟು ತಿಂಗಳ ಮೇಲೆ ಆ ಇಲಾಖೆಯಿಂದ ಒಂದು ಕಾಗದ ಬಂತು. ನಾನು ಅದನ್ನು ನಾಲ್ಕು ಸಲ ಓದಿ ಅರ್ಥ ಮಾಡಿಕೊಂಡದ್ದು ಇಷ್ಟು. ಸದರಿ ಕಟ್ಟಡ ದನದ ದೊಡ್ಡಿ ಎಂದು ಸಹಿ ಸಮೇತ ತಿಳಿದುಬಂದಿದೆ. ಆದರೆ ಸದರಿ ದೊಡ್ಡಿಯನ್ನು ಮುಚ್ಚಿದ ಬಗ್ಗೆ ಯಾವ ಆದೇಶವೂ ಯಾವ ಕಡತದಲ್ಲೂ ಇಲ್ಲ. ಆದ್ದರಿಂದ ಅದು ಈಗಲೂ ದೊಡ್ಡಿಯೇ. ದೊಡ್ಡಿಯನ್ನು ಕೆಡವಬೇಕಾದರೆ ದೊಡ್ಡಿ ಕಾಯುವವನ ಒಪ್ಪಿಗೆ ಬೇಕು. ಆ ಹುದ್ದೆ ಬಹುಕಾಲದಿಂದ ಖಾಲಿ ಇದೆ. ಹುದ್ದೆ ತುಂಬುವ ಅಧಿಕಾರ ಯಾರಿಗಿದೆ ಎಂಬುದು ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ರಸ್ತೆ ಬಳಸಿಕೊಂಡು ಹೋಗತಕ್ಕದ್ದು.

ರಸ್ತೆ ಈಗಲೂ ಬಳಸಿಕೊಂಡೇ ಹೋಗುತ್ತದೆ. ನೀವು ಆ ಕಡೆ ಹೋದರೆ ಅಲ್ಲೊಂದು ಸೊಟ್ಟ ತಿರುವು ಸಿಗುತ್ತದೆ, ಬಸ್ಸಿನವರು ಬೈಯುತ್ತಾರೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ದೊಡ್ಡಿ ಚಾಲ್ತಿಯಲ್ಲಿದೆ ಎಂದು ಕಾಗದವೇ ಹೇಳಿದ ಮೇಲೆ, ಬೀದಿ ದನ ಹಿಡಿಯುವ ಲಾರಿಯವರು ಒಂದು ದಿನ ಊಟದ ಹೊತ್ತಿಗೆ ಸರಿಯಾಗಿ ಎರಡು ಹಸು, ಒಂದು ಹೋರಿ ತಂದು ಕಮಾನಿನ ಮುಂದೆ ಇಳಿಸಿದರು. ನಾವು ಎಲೆ ಮುಂದೆ ಕೂತವರು ಕೈ ಎತ್ತಿ ಹಾಗೇ ಕೂತೆವು. ಇನ್ಸ್‌ಪೆಕ್ಟರು ಸ್ವಲ್ಪವೂ ವಿಚಲಿತರಾಗಲಿಲ್ಲ. ಟೇಪು ತಂದರು. ಹೋರಿಯ ಎತ್ತರ, ಉದ್ದ, ಕೊಂಬಿನ ಅಳತೆ ತೆಗೆದರು. ಎಡಗೊಂಬು ಬಲಗೊಂಬಿಗಿಂತ ಹನ್ನೊಂದು ಮಿಲ್ಲಿಮೀಟರ್ ಕಡಿಮೆ ಎಂದು ಬರೆದುಕೊಂಡರು. ಅದರ ಕೊರಳಿಗೆ ಹಸಿರು ಚೀಟಿ ಕಟ್ಟಿದರು. ಆಮೇಲೆ ಹಗ್ಗ ಹಿಡಿದು ಪಡಸಾಲೆಗೆ ಕರೆದುಕೊಂಡು ಬಂದು ಹದಿನೇಳನೆಯ ಟೇಬಲ್ಲಿನ ಪಕ್ಕದ ಕೊಂಡಿಗೆ ಕಟ್ಟಿದರು. ಹೋರಿ ತಲೆ ತಗ್ಗಿಸಿತು. ಹಗ್ಗ ಬಿಗಿಯಲೂ ಇಲ್ಲ, ಜೋಲಲೂ ಇಲ್ಲ.

"ನೋಡಿ ಡ್ರಾಯಿಂಗ್ ಸಾರ್, ಎಂಗೆ ಫಿಟ್ ಆಗದೆ!" ಎಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಬೋರ್ಡು ಬದಲಾಯಿತು. 'ದನದ ದೊಡ್ಡಿ, ಊಟ ತಿಂಡಿ.' ಜನ ಬರುವುದಿಲ್ಲ ಎಂದುಕೊಂಡೆವು. ಎಲೆಕ್ಟ್ರಾನಿಕ್ ಸಿಟಿಯಿಂದೆಲ್ಲ ಕಾರು ಮಾಡಿಕೊಂಡು ಬಂದರು, ಹಸುವಿನ ಪಕ್ಕದ ಟೇಬಲ್ಲೇ ಬೇಕೆಂದು ಫೋನು ಮಾಡಿ ಹೇಳಿದರು. ದನ ಬಿಡಿಸಿಕೊಳ್ಳಲು ಬಂದವರಿಗೆ ಮೊದಲು ಮುದ್ದೆ ಊಟ ಹಾಕಿ, ಆಮೇಲೆ ಕೊಂಬಿನ ಅಳತೆ ಕೇಳುತ್ತಿದ್ದರು. ಸ್ವಂತ ದನದ ಕೊಂಬಿನ ಅಳತೆ ಯಾರಿಗೆ ಗೊತ್ತಿರುತ್ತದೆ? ಬಂದವರು ಅಳತೆ ಹೇಳಲಾರದೆ ಅಳುಮುಖ ಮಾಡಿದ ಮೇಲೆ, ದನವೇ ಅವರನ್ನು ಗುರುತು ಹಿಡಿದು ಕೂಗಿದರೆ ಬಿಟ್ಟುಕೊಡುತ್ತಿದ್ದರು.

ಹೀಗೆ ಐದು ವರ್ಷ ನಡೆಯಿತು. ಕಳೆದ ತಿಂಗಳು ಒಂದು ಬೆಳಿಗ್ಗೆ ಗಲ್ಲಾದ ಹಿಂದೆ ಕುರ್ಚಿಯಲ್ಲಿ ಕೂತವರು ಕೂತ ಹಾಗೇ ಹೋಗಿಬಿಟ್ಟರು. ನಾನು ಅತ್ತೆ. ನನ್ನ ಸ್ವಂತ ಚಿಕ್ಕಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಹನ್ನೊಂದನೆಯ ದಿನದ ಊಟ ಹೋಟೆಲಿನ ಪಡಸಾಲೆಯಲ್ಲೇ ಆಯಿತು. ಭೈರಣ್ಣನೇ ಅಡುಗೆ ಮಾಡಿದ, ಅವನೇ ಬಡಿಸಿದ. ಎಲ್ಲರೂ ಎದ್ದ ಮೇಲೆ ನನ್ನ ಪಕ್ಕ ಬಂದು ಕೂತ. ಇಷ್ಟು ವರ್ಷ ಕೇಳಬೇಕೆಂದು ಇಟ್ಟುಕೊಂಡಿದ್ದನ್ನು ಅಂದು ಕೇಳಿದೆ.

"ಭೈರಣ್ಣ, ಅವತ್ತು ಆ ಕಾಗದ ಯಾಕೆ ಕೊಟ್ಟೆ? ಹರಿದು ಹಾಕಬಹುದಿತ್ತಲ್ಲ."

"ಅರ್ದಾಕ್ಬೇಕು ಅಂತಾನೇ ಓಗಿದ್ದು ಸಾರ್. ಬಸ್ ಸ್ಟಾಪಲ್ಲಿ ಮೂರು ಬಸ್ ಬಿಟ್ಟೆ. ಆಮೇಲೆ ಯೋಚ್ನೆ ಬಂತು. ಫ್ಯಾಕ್ಟ್ರೀಲೂ ಮೊದ್ಲು ಇಂತದ್ದೇ ಕಾಗ್ದ ಬರ್ದಿದ್ರಲ್ಲ ಸಾರ್ ಅವ್ರು, ಬ್ರೇಕ್ ಜಾರ್ತದೆ ಅಂತ. ಅದು ಡ್ರಾಯರ್ ದಾಟ್ಲಿಲ್ಲ. ಯಾರಾದ್ರೂ ಒಬ್ರು, ಒಬ್ಬೇ ಒಬ್ರು, ಅದನ್ನ ತಗಂಡೋಗಿ ಕೊಡೋ ಕಡೆ ಕೊಟ್ಟಿದ್ರೆ..." ಎಲೆಯ ತುದಿ ಮಡಚಿದ. "ಅದಕ್ಕೇ ನಾನೇ ತಗಂಡೋದೆ."

"ಇದನ್ನ ಅವರಿಗೆ ಹೇಳಿದ್ಯಾ?"

"ಇಲ್ಲ ಸಾರ್. ಐದು ವರ್ಷ ದಿನಾ ಬೆಳಿಗ್ಗೆ ಬಂದು ಅಡುಗೆಮನೆ ಬಾಗ್ಲಲ್ಲಿ ನಿಂತು ನನ್ ಮುಖ ನೋಡೋರು, ಏನೋ ಕೇಳೋರಂಗೆ. ನಾನು 'ಸಾಂಬಾರ್ ಆಯ್ತು ಸಾರ್' ಅನ್ನೋನು."